ಮೂಡಿಗೆರೆ ಮಳೆಗೆ ಕುಲುಮೆ ಕೆಲಸದ ಗೇಟು: ಆರ್ಡರ್ ಕೊಡುವಾಗ ಏನೇನು ಬರೆಸಿಕೊಳ್ಳಬೇಕು?

ತೋಟದಮನೆ_ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ತೋಟದ ಮನೆಗೆ 12 ಅಡಿ ಅಗಲ, 5 ಅಡಿ ಎತ್ತರದ ಎರಡು ಬಾಗಿಲ ಗೇಟು ಮಾಡಿಸಬೇಕು, ಜೊತೆಗೆ ಜಗಲಿಗೆ 24 ಅಡಿ ರೇಲಿಂಗ್. ಎರಕದ ಹೂವು, ಈಟಿ ಮೊನೆ ತಂದು ವೆಲ್ಡ್ ಮಾಡಿ ನಿಲ್ಲಿಸುವ ಗೇಟು ಬೇಡ, ಕುಲುಮೆಯಲ್ಲಿ ಕಾಯಿಸಿ ಬಡಿದದ್ದೇ ಬೇಕು. ಹಾಸನದಿಂದ ಡ್ರಾಯಿಂಗ್ ಬಂದಿದೆ: ನಿಲುವು ಸರಳು 16 ಎಂಎಂ ಚೌಕ, ಅಡ್ಡಪಟ್ಟಿ 40x12, ಸುರುಳಿ 20x8 ಪಟ್ಟಿ, ಕೀಲಿನ ಕಡೆಯ ಕಂಬ 32 ಎಂಎಂ ಚೌಕ. ಕಲ್ಲುಕಂಬ ಆಗಲೇ ನಿಲ್ಲಿಸಿದ್ದೇವೆ.

ನಿಜಕ್ಕೂ ಕೈಕೆಲಸವೇ ಅಂತ ಗುರುತಿಸೋದು ಹೇಗೆ? ಯಾವ ಜೋಡಣೆ ಒಳ್ಳೇದು? ಇಲ್ಲಿನ ಮಳೆಗೆ ಯಾವ ಬಣ್ಣ ತಡೆಯುತ್ತೆ? ಗ್ಯಾಲ್ವನೈಸ್ (ಸತುವಿನ ಲೇಪ) ಮಾಡಿಸಿಬಿಡಿ ಅಂತ ಕೆಲವರು, ಬೇಡವೇ ಬೇಡ ಅಂತ ಕೆಲವರು.

ಕುಲುಮೆ_ಹಾಸನ

ಸರ್, ಡ್ರಾಯಿಂಗ್ ಅಳತೆ ಸರಿಯಾಗಿದೆ. ಮೊದಲು ತೂಕ ನೋಡಿ. ಚೌಕ ಸರಳಿಗೆ ಲೆಕ್ಕ ಸುಲಭ: ಬದಿಯನ್ನು ಎಂಎಂನಲ್ಲಿ ವರ್ಗ ಮಾಡಿ 0.00785ರಿಂದ ಗುಣಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತೆ. 16 ಎಂಎಂಗೆ 2 ಕೆಜಿ, 32 ಎಂಎಂಗೆ 8 ಕೆಜಿ. 6 ಅಡಿಯ ಒಂದು ಬಾಗಿಲಿಗೆ 15 ಸರಳು ಕೂರಿಸಿದರೆ ನಡುವಿನ ಸಂದು 95 ಎಂಎಂ ಒಳಗೇ ಇರುತ್ತೆ, ಮಗುವಿನ ತಲೆ ತೂರಲ್ಲ. ಮೂರು ಅಡ್ಡಪಟ್ಟಿ, ಎರಡೂ ಕಡೆಯ ಕಂಬ, ಸುರುಳಿ ಎಲ್ಲ ಸೇರಿ ಒಂದು ಬಾಗಿಲು ಸುಮಾರು 95 ಕೆಜಿ ಬರುತ್ತೆ. ಕೀಲು, ಕಲ್ಲು ಎರಡನ್ನೂ ಆ ತೂಕಕ್ಕೆ ನೋಡಿಕೊಳ್ಳಿ.

ಕೈಕೆಲಸದ ಗುರುತು ಮೇಲ್ಮೈಯಲ್ಲಿ ಹುಡುಕಬೇಡಿ. ತಣ್ಣಗಿನ ಸರಳಿನ ಮೇಲೆ ಸುತ್ತಿಗೆ ಗುಳಿ ಹೊಡೆದು ಮಾರುವವರೂ ಇದ್ದಾರೆ, ಗುಳಿ ಅಚ್ಚೊತ್ತಿದ ಸರಳು ರೆಡಿ ಸಿಗುತ್ತೆ ಕೂಡ. ಸುರುಳಿಯ ತುದಿ ನೋಡಿ. ಬಡಿದು ಎಳೆದ ತುದಿ ಅಗಲದಲ್ಲೂ ದಪ್ಪದಲ್ಲೂ ನಿಧಾನಕ್ಕೆ ಇಳಿದಿರುತ್ತೆ. ಕತ್ತರಿಸಿ ಬಗ್ಗಿಸಿದ ಪಟ್ಟಿ ಕೊನೆವರೆಗೂ ಒಂದೇ ದಪ್ಪ. ಆಮೇಲೆ ತೂತು. ಕಾಯಿಸಿ ಪಂಚ್ ಹೊಡೆದ ತೂತಿನ ಎರಡೂ ಬದಿ ಪಟ್ಟಿ ಸ್ವಲ್ಪ ಉಬ್ಬಿರುತ್ತೆ, ಯಾಕೆಂದರೆ ಕಬ್ಬಿಣ ಹೊರಗೆ ಹೋಗಿಲ್ಲ, ಪಕ್ಕಕ್ಕೆ ಸರಿದಿದೆ. ಡ್ರಿಲ್ ಹಾಕಿದ ಕಡೆ ಪಟ್ಟಿ ನೇರ ಇರುತ್ತೆ, ಅಲ್ಲಿ ಬಲವೂ ಕಡಿಮೆ.

ಜೋಡಣೆ: ಸರಳಿನ ತುದಿಯನ್ನು 12 ಎಂಎಂ ದುಂಡಗೆ ಇಳಿಸಿ, ಅಡ್ಡಪಟ್ಟಿಯ ತೂತಿನಲ್ಲಿ ತೂರಿಸಿ, ಮೇಲೆ ಕಾಯಿಸಿ ರಿವಿಟ್ ತಲೆ ಬಡಿಯಬೇಕು. ದುಂಡು ತಲೆಗೆ ವ್ಯಾಸದ ಒಂದೂವರೆ ಪಟ್ಟು ಆಚೆ ಇರಬೇಕು. ಅಂದರೆ ಪಟ್ಟಿಗೆ 12, ತಲೆಗೆ 18, ಒಟ್ಟು 30 ಎಂಎಂ. ಅದಕ್ಕೆ 16 ಎಂಎಂ ಸರಳಿನಲ್ಲಿ 13ರಿಂದ 14 ಎಂಎಂ ಉದ್ದ ಸಾಕು, ಉಳಿದದ್ದು ಬಡಿದಾಗ ಉದ್ದವಾಗುತ್ತೆ. ಇದನ್ನು ಲೆಕ್ಕ ಹಾಕದೆ 30 ಎಂಎಂ ಪೂರ್ತಿ ಬಿಟ್ಟು ಕತ್ತರಿಸಿದರೆ ಪ್ರತಿ ತುದಿಯಲ್ಲೂ ದುಪ್ಪಟ್ಟು ಉದ್ದ ಬಂದು ಮತ್ತೆ ಕತ್ತರಿಸಬೇಕಾಗುತ್ತೆ.

ಎಲ್ಲಕ್ಕಿಂತ ಹೆಚ್ಚು ಕೆಡೋದು ತೂತುಗಳ ಅಂತರ. ಕೆಂಪಗೆ ಕಾದ ಪಟ್ಟಿ ಅಡಿಗೆ 3ರಿಂದ 4 ಎಂಎಂ ಹಿಗ್ಗಿರುತ್ತೆ. ಕಾದಾಗ ಅಳೆದು ಹೊಡೆದರೆ ಆರಿದ ಮೇಲೆ ಹದಿನೈದನೇ ಸರಳು ಕೂರೋದೇ ಇಲ್ಲ. ತಣ್ಣಗಿರುವಾಗಲೇ ಗುರುತಿನ ಚುಕ್ಕೆ ಹೊಡೆದಿಟ್ಟುಕೊಂಡು, ಮೇಲಿನ, ನಡುವಿನ, ಕೆಳಗಿನ ಮೂರೂ ಪಟ್ಟಿಗೆ ಒಂದೇ ಅಳತೆಪಟ್ಟಿಯಿಂದ ಚುಕ್ಕೆ ಇಳಿಸಬೇಕು.

ಮೊನೆ ಎಳೆಯುವಾಗ ಮೊದಲು ಚೌಕವಾಗಿ ಎಳೆದು, ಎಂಟು ಮೂಲೆ ಮಾಡಿ, ಆಮೇಲೆ ದುಂಡು ಮಾಡಬೇಕು. ನೇರ ದುಂಡಗೆ ಬಡಿದರೆ, ಅಥವಾ ಮಂಕು ಕೆಂಪಿಗಿಂತ ಕೆಳಗಿಳಿದ ಮೇಲೂ ಬಡಿಯುತ್ತಾ ಹೋದರೆ, ಮೊನೆ ಒಳಗಿಂದ ಸೀಳುತ್ತೆ. ಬೆಳ್ಳಗೆ ಕಿಡಿ ಹಾರುವಷ್ಟು ಕಾಯಿಸಿದರೆ ಕಬ್ಬಿಣ ಸುಟ್ಟುಹೋಗುತ್ತೆ. ಆ ತುದಿ ಕತ್ತರಿಸಿ ಎಸೆಯಬೇಕು, ಸರಿಮಾಡೋ ದಾರಿ ಇಲ್ಲ. ಕಾಂಕ್ರೀಟಿಗೆ ಹಾಕುವ ಟಿಎಂಟಿ ಕಂಬಿಯಲ್ಲಿ ಸುರುಳಿ ಮಾಡಿಕೊಡ್ತೀವಿ ಅಂದರೆ ಒಪ್ಪಬೇಡಿ, ಮೈಲ್ಡ್ ಸ್ಟೀಲೇ ಬೇಕು.

ಇನ್ನೊಂದು ಮಾತು. ಕೆಜಿ ಲೆಕ್ಕದಲ್ಲಿ ರೇಟು ಮಾತಾಡಬೇಡಿ. ತೆಳ್ಳಗೆ ಎಳೆದಷ್ಟೂ ಕೆಲಸ ಜಾಸ್ತಿ, ತೂಕ ಕಡಿಮೆ. ಕೆಜಿ ರೇಟಿನಲ್ಲಿ ಒಳ್ಳೆ ಕೆಲಸಗಾರನಿಗೇ ನಷ್ಟ. ಒಂದು ಸುರುಳಿ, ಒಂದು ಜೋಡಣೆ ಮಾದರಿಗೆ ಮಾಡಿಸಿ, ಅದಕ್ಕೆ ದುಡ್ಡು ಕೊಟ್ಟು ಮನೆಯಲ್ಲಿಟ್ಟುಕೊಳ್ಳಿ, ಉಳಿದದ್ದು ಹಾಗೇ ಬರಬೇಕು ಅಂತ ಬರೆಸಿಕೊಳ್ಳಿ.

ಬ್ಲಾಸ್ಟಿಂಗ್_ಬಣ್ಣ

ಗ್ಯಾಲ್ವನೈಸ್ ಬಗ್ಗೆ: ಎರಡೂ ಕಡೆಯವರ ಮಾತು ಸರಿ, ಆದರೆ ಬೇರೆ ಬೇರೆ ಗೇಟಿಗೆ. ಪೂರ್ತಿ ವೆಲ್ಡ್ ಮಾಡಿದ ಗೇಟಿಗೆ ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ಹಾಟ್ ಡಿಪ್‌ಗಿಂತ ಒಳ್ಳೇದಿಲ್ಲ. 6 ಎಂಎಂಗಿಂತ ದಪ್ಪ ಕಬ್ಬಿಣಕ್ಕೆ ಸರಾಸರಿ 85 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಎಂಎಂ) ಸತು ಕೂರಬೇಕು ಅನ್ನೋದು ಮಾನದಂಡ. ನಿಮ್ಮದು ರಿವಿಟ್, ಕಾಲರ್ (ಸುರುಳಿ, ಸರಳುಗಳನ್ನು ಒಟ್ಟಿಗೆ ಸುತ್ತಿ ಹಿಡಿಯುವ ಪಟ್ಟಿ) ಕೆಲಸ. ಅದ್ದುವ ಮೊದಲು ಆಸಿಡ್‌ನಲ್ಲಿ ತೊಳೀತಾರೆ. ಆ ಆಸಿಡ್ ಕಾಲರಿನ ಒಳಗೆ, ಸುರುಳಿ ಒಂದಕ್ಕೊಂದು ತಾಗುವ ಸಂದಿಯಲ್ಲಿ ನಿಂತುಬಿಡುತ್ತೆ. ಕರಗಿದ ಸತು ಅಲ್ಲಿಗೆ ಇಳಿಯಲ್ಲ. ಆರು ತಿಂಗಳಲ್ಲಿ ಬಿಳಿ ಬಣ್ಣದ ಮೇಲೆ ಕಂದು ಕಣ್ಣೀರು ಇಳಿಯೋಕೆ ಶುರು. ಮೊದಲೇ ಸತು ಹಚ್ಚಿದ ಸರಳು ತಂದು ಕಾಯಿಸೋದಂತೂ ಬೇಡವೇ ಬೇಡ, ಆ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತೆ.

ನಿಮಗೆ ನಾನು ಹೇಳೋದು: ಗೇಟು ಪೂರ್ತಿ ಜೋಡಿಸಿದ ಮೇಲೆ ಬ್ಲಾಸ್ಟಿಂಗ್, ಅಂದರೆ ಗಾಳಿಯ ಒತ್ತಡದಲ್ಲಿ ಮರಳಿನಂಥ ಕಾಳು ಹೊಡೆದು ಕಬ್ಬಿಣ ಶುದ್ಧ ಮಾಡೋದು. ಕುಲುಮೆಯಿಂದ ಬಂದ ಕಪ್ಪು ಕಿಟ್ಟ ಒಂದು ಚೂರೂ ಉಳಿಯಬಾರದು, ಅದು ಉದುರುವಾಗ ಬಣ್ಣವನ್ನೂ ಎತ್ತಿಕೊಂಡೇ ಹೋಗುತ್ತೆ. ಬ್ಲಾಸ್ಟ್ ಆದ ದಿನವೇ ಜಿಂಕ್ ರಿಚ್ ಎಪಾಕ್ಸಿ ಪ್ರೈಮರ್ 60ರಿಂದ 75 ಮೈಕ್ರಾನ್, ಮೇಲೆ ಎಪಾಕ್ಸಿ 100ರಿಂದ 125, ಕೊನೆಗೆ ಪಾಲಿಯುರೆಥೇನ್ 50. ಎಪಾಕ್ಸಿಯನ್ನೇ ಕೊನೆ ಕೋಟ್ ಮಾಡಿದರೆ ಬಿಸಿಲಿಗೆ ಪುಡಿಪುಡಿಯಾಗುತ್ತೆ. ಚೂಪು ಅಂಚು, ರಿವಿಟ್ ತಲೆ, ಸಂದುಗಳಿಗೆ ಸ್ಪ್ರೇ ಮೊದಲು ಬ್ರಶ್‌ನಲ್ಲಿ ಒಂದು ಕೋಟ್ ಬೇರೆಯಾಗಿ ಕೊಡಿಸಿ, ಸ್ಪ್ರೇ ಅಂಚಿನಲ್ಲಿ ನಿಲ್ಲಲ್ಲ.

ಕಾಲರಿನ ಮೇಲಂಚಿಗೆ ಪಾಲಿಯುರೆಥೇನ್ ಸೀಲಂಟ್ ಎಳೆಯಿರಿ, ಕೆಳಂಚು ತೆರೆದೇ ಇರಲಿ. ಎರಡೂ ಕಡೆ ಮುಚ್ಚಿದರೆ ಒಳಗೆ ಹೋದ ನೀರಿಗೆ ಹೊರಬರೋಕೆ ದಾರಿ ಇಲ್ಲ. ಮಲೆನಾಡಿನ ಗೇಟು ತುಕ್ಕು ಹಿಡಿಯೋದು ನೀರು ಬಿದ್ದ ಜಾಗದಲ್ಲಲ್ಲ, ನಿಂತ ಜಾಗದಲ್ಲಿ.

ಸಮಯನೂ ಮುಖ್ಯ. ಗಾಳಿಯ ತೇವ ಶೇಕಡ 85ಕ್ಕಿಂತ ಕಡಿಮೆ ಇರಬೇಕು, ಕಬ್ಬಿಣದ ಬಿಸಿ ಇಬ್ಬನಿ ಕಟ್ಟುವ ಮಟ್ಟಕ್ಕಿಂತ 3 ಡಿಗ್ರಿಯಾದರೂ ಮೇಲಿರಬೇಕು. ನಿಮ್ಮ ಕಡೆ ಬೆಳಿಗ್ಗೆ 11ರ ಮೊದಲು, ಸಂಜೆ 4ರ ಮೇಲೆ ಹೊರಗೆ ಬಣ್ಣ ಬೇಡ. ಹೂಮಳೆ (ಕಾಫಿ ಹೂ ಬಿಡಿಸುವ ಬೇಸಿಗೆ ಮಳೆ) ಶುರುವಾಗೋ ಮುಂಚೆ ಕೆಲಸ ಮುಗಿಸಿಬಿಡಿ.

ತೋಟದಮನೆ_ಮೂಡಿಗೆರೆ

ತುಂಬಾ ಉಪಕಾರ ಆಯ್ತು ಸರ್. ಕಲ್ಲುಕಂಬಕ್ಕೆ ಕೀಲು ಕೂರಿಸೋದು ಹೇಗೆ? ಸಿಮೆಂಟ್ ತುಂಬಿದರೆ ಸಾಕು ಅಂತಿದ್ದಾರೆ. ಮತ್ತೆ ನಮ್ಮಲ್ಲಿ ಆನೆ ಓಡಾಟ ಇದೆ, ಅದಕ್ಕೇನಾದರೂ ಮಾಡಬೇಕಾ?

ಕಲ್ಲು_ಕೀಲು_ಚಿಕ್ಕಮಗಳೂರು

ಸಿಮೆಂಟ್ ಬೇಡ. ನೀರು ಇಳಿದು ಒಳಗಿನ ಸರಳು ತುಕ್ಕು ಹಿಡಿದರೆ ತುಕ್ಕು ಉಬ್ಬುತ್ತೆ, ಕಲ್ಲು ತೂತಿನಿಂದ ಅಂಚಿಗೆ ಸೀಳುತ್ತೆ. ಕಲ್ಲಿಗೆ ಹೋಗುವ ಭಾಗ ಸ್ಟೇನ್‌ಲೆಸ್ ಇರಲಿ. 25 ಎಂಎಂ ಸರಳಿಗೆ 30ರಿಂದ 32 ಎಂಎಂ ತೂತು, 150 ಎಂಎಂ ಆಳ, ಕಲ್ಲಿನ ಅಂಚಿನಿಂದ ಆದಷ್ಟು ದೂರ. ಬ್ರಶ್ ಹಾಕಿ ಧೂಳು ಊದಿ, ಮತ್ತೆ ಬ್ರಶ್, ಮತ್ತೆ ಊದಿ, ಆಮೇಲೆ ಎಪಾಕ್ಸಿ. ಧೂಳು ಉಳಿದರೆ ಎಪಾಕ್ಸಿ ಕಲ್ಲಿಗಲ್ಲ, ಧೂಳಿಗೆ ಅಂಟುತ್ತೆ. ಹಳೇ ರೀತಿ ಸೀಸ ಹೊಯ್ಯೋಕೆ ಯಾರಾದರೂ ಹೊರಟರೆ ತಡೆಯಿರಿ. ತೂತಿನಲ್ಲಿ ಒಂದು ಹನಿ ನೀರಿದ್ದರೂ ಕರಗಿದ ಸೀಸ ಮುಖಕ್ಕೆ ಚಿಮ್ಮುತ್ತೆ.

95 ಕೆಜಿ ಬಾಗಿಲು, ಕೀಲುಗಳ ನಡುವೆ 1.3 ಮೀಟರ್ ಅಂದರೆ ಮೇಲಿನ ಕೀಲು ಕಲ್ಲುಕಂಬವನ್ನು ಸುಮಾರು 65 ಕೆಜಿ ಬಲದಲ್ಲಿ ಎಳೀತಾ ಇರುತ್ತೆ. ಯಾರಾದರೂ ತುದಿಯಲ್ಲಿ ನಿಂತು ತೂಗಿದರೆ ಅದು ದುಪ್ಪಟ್ಟು ದಾಟುತ್ತೆ. ತೂಕವನ್ನು ಪೂರ್ತಿ ಬಾಗಿಲು ತಿರುಗುವ ಕೆಳಗಿನ ಗೂಟದ ಮೇಲೆ ಕೂರಿಸಿ, ಮೇಲೆ ಹಿಡಿತಕ್ಕೆ ಮಾತ್ರ ಪಟ್ಟಿ ಇಡಿ. ಗೂಟ ನೆಲದಿಂದ 50 ಎಂಎಂ ಮೇಲಿರಲಿ, ಗ್ರೀಸ್ ಹಾಕೋಕೆ ಜಾಗ ಬಿಡಿ. ಗೂಟ ಬಟ್ಟಲಿನ ಒಳಗೆ ಕೂರುವ ಥರ ಮಾಡಿದರೆ ಬಟ್ಟಲಿಗೆ ನೀರು ಹೋಗೋ ತೂತು ಬೇಕೇ ಬೇಕು.

ಆನೆಯನ್ನು ಯಾವ ಗೇಟೂ ತಡೆಯಲ್ಲ. ಮೇಲೆ ಚೂಪು ಮೊನೆ ಬೇಡ, ಸುರುಳಿಯಲ್ಲೇ ಮುಗಿಸಿ. ಮೇಲಿನ ಕೀಲಿನ ಪಟ್ಟಿಯನ್ನು ಬೋಲ್ಟ್ ಹಾಕಿ ಹಿಡಿಸಿ. ಬಾಗಿಲು ಬಗ್ಗಿದರೆ ಕಲ್ಲು ಮುಟ್ಟದೆ ಬಿಚ್ಚಿ ಕುಲುಮೆಗೆ ಒಯ್ಯಬಹುದು. ಸೋಲಾರ್ ಬೇಲಿ ಇದ್ದರೆ ತಂತಿ ಗೇಟಿನಿಂದ ಒಂದು ಅಡಿಯಾದರೂ ದೂರ ನಿಲ್ಲಲಿ, ತಾಗಿದರೆ ಕರೆಂಟೆಲ್ಲ ಅಲ್ಲೇ ನೆಲಕ್ಕಿಳಿದು ಉಳಿದ ಬೇಲಿ ಸತ್ತುಹೋಗುತ್ತೆ.