ಹೊಲದ ಕ್ಯಾಮೆರಾದಾಗ ಒಂದ ಕೋಡಿನ ಕಡವಿ, ಕುತ್ತಿಗ್ಯಾಗ ಗಾಯ, ಯಾರರ ಗುಂಡ ಹಾಕ್ಯಾರೇನ?

ಗೇರಬನ:
ಎಲ್ಲಾರಿಗೂ ನಮಸ್ಕಾರ್ರಿ. ನಮ್ದು ಖಾನಾಪುರ ತಾಲೂಕು, ಜಾಂಬೋಟಿ ಕಡೆ. ಮೂರೂವರಿ ಎಕರೆ ಗೇರ ತೋಟ, ತೆಳಗ ಸಣ್ಣದೊಂದ ಭತ್ತದ ಗದ್ದಿ, ಹಿಂದ ಹಳ್ಳ, ಹಳ್ಳ ದಾಟಿದ್ರ ಕಾಡ. ಹೋದ ದೀಪಾವಳಿ ಆಫರ್‌ನ್ಯಾಗ ಒಂದ ಟ್ರೇಲ್ ಕ್ಯಾಮೆರಾ (ಗಿಡಕ್ಕ ಕಟ್ಟಿಟ್ರ ಎದರಿಗೆ ಹಾದದ್ದರ ಫೋಟೋ ತಾನ ಹೊಡಿಯೂದು) ತರಿಸೇನಿ, ಖರೇ ಹೇಳ್ಬೇಕಂದ್ರ ಗೇರಬೀಜ ಯಾರ ಆರಿಸ್ಕೊಂಡ ಹೊಕ್ಕಾರ ನೋಡೂಣು ಅಂತ ತರಿಸಿದ್ದು, ಕಳ್ಳ ಒಬ್ಬಾಂವೂ ಇನ್ನೂ ಸಿಕ್ಕಿಲ್ಲ, ಬರೇ ಪ್ರಾಣಿ. ಜನವರಿ ಮಟಾ ಕಾಡಹಂದಿ, ಮುಳ್ಳಹಂದಿ, ಎರಡ ಸಲ ಗವಾ ಅಂದ್ರ ಕಾಡಕೋಣ, ಇಷ್ಟ.

ಶಿವರಾತ್ರಿ ದಾಟಿದ ಮ್ಯಾಲ ವಿಚಿತ್ರ ಚಾಲೂ ಆಗೇತಿ. ಒಂದ ದೊಡ್ಡ ಗಂಡ ಕಡವಿ ಹಳ್ಳದ ದಾರ್ಯಾಗ ಮೂರ ರಾತ್ರಿ ಬಂತು, ಎರಡೂ ಕೋಡ ಇದ್ದೂವು, ನಾಕನೇ ರಾತ್ರಿ ಬಂದಾಗ ಎಡಗಡೆದ ಒಂದ ಕೋಡ, ಬಲಕ್ಕ ಬರೇ ಕರ್ರಗ ಒಂದ ಗುರುತ, ಹಸಿ ಇದ್ದಂಗ ಕಾಣ್ತೈತಿ. ಮುಂಜಾನೆ 6:20ಕ್ಕ ಬೆಳಕ ಹರದಿಂದ ಒಂದ ಕಲರ್ ಫೋಟೋ ಬಂದೈತಿ, ಅದರಾಗ ಗಂಟಲ ತೆಳಗ ಅಂಗೈ ಅಗಲ ಕೂದಲಾ ಹೋಗಿ ಕೆಂಪಗ ರಕ್ತ ಹೆಪ್ಪುಗಟ್ಟಿದಂಗ ಐತ್ರಿ. ನೋಡಿ ಹೊಟ್ಟಿ ತೊಳಸಿದಂಗ ಆತು. ನಮ್ಮ ಅಕ್ಕನ ಗಂಡ ಅಂತಾನ ಯಾರೋ ಗುಂಡ ಹಾಕ್ಯಾರ, ಒಂದ ಗುಂಡ ಕೋಡಿಗಿ ಹತ್ತೇತಿ ಒಂದ ಕುತ್ತಿಗಿಗೆ ಅಂತ. ನಮ್ಮವ್ವ ಅಂತಾಳ ಸುಮ್ನಿರೋ, ಇದು ಕೋಡ ಉದರೂ ಕಾಲ ಅಂತ. ಕೋಡ ಏನ್ ಎಲಿ ಏನ ಉದರಾಕ?

ಇನ್ನೂ ಎರಡ ಫೋಟೋ. ಒಂದರಾಗ ಚುಕ್ಕಿ ಜಿಂಕಿ ಹಿಂಡ, ಅದರಾಗಿನ ಒಂದ ಹೋತಿನ ಕೋಡಿಗಿ ಮಖಮಲ್ ಅರಿವಿ ಸುತ್ತಿದಂಗ ಐತಿ, ಮಗ್ಗಲದಾಗ ನಿಂತಾಂವಗ ಬರೇ ಕೋಡ. ಇನ್ನೊಂದರಾಗ ರಾತ್ರಿ 2ರ ಸುಮಾರ ಬೆಳ್ಳಗಂದ್ರ ಬೆಳ್ಳಗ ಒಂದ ಸಣ್ಣ ಪ್ರಾಣಿ, ನಾಯಿ ಅಲ್ಲ, ಮೊಲಾನೂ ಅಲ್ಲ, ಬಿಳಿ ಜಿಂಕಿಮರಿ ಇರಬೇಕ ಅಂತ ಹುಡುಗ್ರು ಸ್ಟೇಟಸ್ ಹಾಕಿ ಊರತುಂಬ ಮಾಡ್ಯಾರ. ಅದರ ತಾರೀಖ ನೋಡಿದ್ರ 01/01 ಅಂತ ಬಂದೈತಿ, ಹೋಳಿ ಹುಣ್ಣಿವಿ ರಾತ್ರಿ ಬಂದದ್ದು ಅದು, ತೆಳಗಿನ ಪಟ್ಟ್ಯಾಗ ಚಂದ್ರನ ಚಿತ್ರಾನೂ ಎಳಿ ಚಂದ್ರ ತೋರಸ್ತೈತಿ.

ಮತ್ತ ಒಂದ ಮಾತ. ನಮ್ಮ ಆಳಮನಷ್ಯಾ ಆ ಬಿದ್ದ ಕೋಡ ಹಳ್ಳದ ದಂಡ್ಯಾಗ ಹುಡಕಿ ತಂದಾನ, ದನದ ಕೊಟಗ್ಯಾಗ ಇಟ್ಟೇನಿ. ಫಾರೆಸ್ಟ್‌ನವರಿಗೆ ಹೇಳಿದ್ರ ನನಗ ತ್ರಾಸ ಆಕ್ಕೈತೇನ್ರಿ?

ಲೋಂಡಾ ಪ್ಯಾಸೆಂಜರ್:
ನಿಮ್ಮವ್ವ ಹೇಳಿದ್ದ ಖರೇ. ಗುಂಡೂ ಇಲ್ಲ ಏನೂ ಇಲ್ಲ.

ಕಡವಿ ಕೋಡ ವರ್ಷಾ ಉದರ್ತಾವ್ರಿ, ನಮ್ಮ ಕಡೆ ಮಾರ್ಚ್ ಏಪ್ರಿಲ್‌ನ್ಯಾಗ ಜಾಸ್ತಿ. ಬೆದಿ ಕಾಲ ಮುಗದಿಂದ ಮೈಯಾಗಿನ ಗಂಡ ಹಾರ್ಮೋನ್ ಇಳಿತೈತಿ, ಕೋಡಿನ ಬುಡಕ್ಕ ತಲಿಬುರಡಿ ಕೂಡಿದ ಜಾಗಾ ಸಡಲ ಆಗಿ ತಾನ ಕಳಚಿ ಬೀಳ್ತೈತಿ. ಎರಡೂ ಒಂದ ಟೈಮಿಗೆ ಬೀಳಬೇಕಂತ ಇಲ್ಲ, ತಾಸಿನ ಫರಕ ಇರಬಹುದು ದಿನಗಟ್ಟಲೆ ಇರಬಹುದು, ಅದಕ್ಕ ನಿಮ್ಮ ಫೋಟೋದಾಗ ಒಂದ ಕೋಡಿನ ಸರದಾರ ಬಂದಾನ. ಬಿದ್ದ ಜಾಗಾದಾಗ ಸ್ವಲ್ಪ ರಕ್ತ ಬರ್ತೈತಿ, ಹಸಿ ಕಂಡಿದ್ದು ಅದ, ಆಮ್ಯಾಲ ಹೆಕ್ಕಳಿ ಕಟ್ಟಿ ಅಲ್ಲಿಂದನ ಹೊಸಾ ಕೋಡ ಹೊಂಡತೈತಿ. ಅನುಮಾನ ಇದ್ರ ಕೊಟಗ್ಯಾಗಿಂದು ತಗದ ಬುಡಾ ನೋಡ್ರಿ. ಬುಡ ಉಬ್ಬಿ ಗುಂಡಗ, ಸುತ್ತ ಗಂಟಗಂಟ ಬಳಿ ಇದ್ದಂಗ ಇದ್ರ ತಾನ ಉದರಿದ್ದು. ಯಾರರ ಕೊಂದ ಕಡದಿದ್ರ ಬುಡಕ್ಕ ತಲಿಬುರಡಿ ಎಲಬ ಹತ್ತಿರ್ತೈತಿ ಇಲ್ಲಾಂದ್ರ ಗರಗಸದ ಗೆರಿ.

ಕುತ್ತಿಗಿದು ಕಡವಿಗೆ ಇರೂದ ಹಂಗ. ಗಂಟಲ ತೆಳಗ ನಟ್ಟನಡಕ ಕೂದಲಿಲ್ಲದ ಕೆಂಪ ತಟ್ಟಿ, ಬೆದಿ ಟೈಮಿನ್ಯಾಗ ಎದ್ದ ಕಾಣ್ತೈತಿ, ಒಮ್ಮೊಮ್ಮೆ ಅದರಿಂದ ನೀರ ಸುರೀತೈತಿ, ಹೆಣ್ಣಿಗೂ ಬರ್ತೈತಿ. ಅದು ಗ್ರಂಥಿನೋ ಹುಳದಿಂದ ಆಗೂ ಹುಣ್ಣೋ ಅನ್ನೂದರಾಗ ತಿಳದವರ ನಡಕನ ಎರಡ ಮಾತ ಅದಾವ, ಆದ್ರ ಗುಂಡ ಅಲ್ಲ ಅನ್ನೂದರಾಗ ಎರಡ ಮಾತಿಲ್ಲ. ಹಳೇ ಫೋಟೋ ತಗದ ಬ್ಯಾರೆ ಕಡವಿ ಕುತ್ತಿಗಿ ನೋಡ್ರಿ. ಒಂದ ಜಾಗಾದಾಗ ಎಲ್ಲಾದಕ್ಕೂ ಗುಂಡ ಹಾಕೂವಂಥಾ ಶೂಟರ್ ನಮ್ಮ ತಾಲೂಕಿನ್ಯಾಗ ಇನ್ನೂ ಹುಟ್ಟಿಲ್ಲ.

ಗುಮ್ಮಟದ ನೆರಳ:
ಏನ್ ಹೇಳಾಕತ್ತೀರಿ ಮಾರಾಯ್ರ, ನಾ ವಿಜಯಪುರ ಕಡೆಯಾಂವ, ಸಣ್ಣಾಂವ ಇದ್ದಾಗಿಂದ ಜ್ವಾಳದ ಹೊಲದಾಗ ಚಿಗರಿ ನೋಡಕೋತ ಬಂದೀನಿ, ಒಂದ ದಿನಾನೂ ಕೋಡ ಉದರಿದ್ದ ಚಿಗರಿ ಕಂಡಿಲ್ಲ. ನಮ್ಮ ಆಡಿನ ಕೋಡ ಮುರದ್ರ ಮತ್ತ ಬರೂದಿಲ್ಲ. ವರ್ಷಾ ಉದರ್ತಾವ ವರ್ಷಾ ಬರ್ತಾವ ಅಂದ್ರ ನಂಬೂದ ಹ್ಯಾಂಗ? ಕೇಸ್ ಮುಚ್ಚಾಕ ಹೇಳೂ ಕತಿ ಅನಸ್ತದ ನನಗ.

ಲೋಂಡಾ ಪ್ಯಾಸೆಂಜರ್:
ನಿಮ್ಮ ಮಾತೂ ಖರೇ ನಂದೂ ಖರೇ. ಚಿಗರಿ ಜಿಂಕಿ ಜಾತಿದ ಅಲ್ಲ. ನಮ್ಮ ಮಂದಿ ಕೋಡ ಇದ್ದದ್ದ ಜಿಗದ್ರ ಎಲ್ಲಾದಕ್ಕೂ ಜಿಂಕಿ ಅಂತೀವಿ, ಹುಬ್ಬಳ್ಳಿ ಧಾರವಾಡ ಬಸ್ಸಿಗೂ ಚಿಗರಿ ಅಂತ ಹೆಸರಿಟ್ಟಾರ, ಅದರ ಕೋಡರ ಎಲ್ಲದಾವ! ಚಿಗರಿ ಅಂದ್ರ ಕೃಷ್ಣಮೃಗ, ಆಡ ಆಕಳ ಬಳಗಕ್ಕ ಸೇರಿದ್ದು. ಅದರ ಕೋಡಿನ ಒಳಗ ಎಲಬ, ಮ್ಯಾಲ ನಮ್ಮ ಉಗರ ಇರ್ತೈತಲ್ಲ ಅದ ಪದಾರ್ಥದ ಚಿಪ್ಪ, ಸಾಯೂಮಟಾ ಅದ ಕೋಡ, ಕವಲ ಒಡಿಯೂದಿಲ್ಲ. ಕಡವಿ, ಚುಕ್ಕಿ ಜಿಂಕಿ, ಕಾಡುಕುರಿ ಇವು ಜಿಂಕಿ ಬಳಗ, ಇವುಕ್ಕ ಕೋಡ ಅಂದ್ರ ಪೂರಾ ಎಲಬ, ಗಂಡಿಗಷ್ಟ ಬರ್ತೈತಿ, ವರ್ಷಾ ಬೀಳ್ತೈತಿ, ವರ್ಷಾ ಬೆಳಿತೈತಿ.

ಗೇರಬನ ಅವರ ಮಖಮಲ್ ಫೋಟೋನೂ ಇದ ಲೆಕ್ಕ. ಹೊಸಾ ಕೋಡ ಬೆಳಿಯೂವಾಗ ಮ್ಯಾಲ ಕೂದಲಾ ಇರೂ ಚರ್ಮ ಇರ್ತೈತಿ, ಒಳಗ ರಕ್ತ ಹರಿತಿರ್ತೈತಿ, ಮುಟ್ಟಿದ್ರ ಬೆಚ್ಚಗ ಇರ್ತೈತಂತ. ಬೆಳದ ಮುಗದಿಂದ ಚರ್ಮ ಒಣಗಿ, ಗಿಡಕ್ಕ ತಿಕ್ಕಿ ತಿಕ್ಕಿ ಕಿತ್ತ ಒಗಿತಾವ. ಕಡವಿ ಬಹಳ ಮಾಡಿ ಸೀಸನ್ ಪಾಳೇಕ್ಕ ನಡೀತೈತಿ, ಚುಕ್ಕಿ ಜಿಂಕಿಗೆ ಅಷ್ಟ ಕಟ್ಟುನಿಟ್ಟ ಇಲ್ಲ, ಒಂದ ಹಿಂಡಿನ್ಯಾಗ ಒಬ್ಬಾಂವ ಮಖಮಲ್‌ದಾಗ ಇನ್ನೊಬ್ಬಾಂವ ಬರೇ ಕೋಡಿನ್ಯಾಗ ಇರೂದ ಮಾಮೂಲಿ.

ಬೀಳಗಿ ಬಿಸಲ:
ಚಿಗರಿ ಮಾತ ಬಂತಂತ ಹೇಳ್ತೇನಿ, ನಮ್ಮ ಬಾಗಲಕೋಟಿ ಕಡೆದ ಚಿಂಕಾರಾನೂ ಅದ ಬಳಗ. ಬೀಳಗಿ ಮುಧೋಳ ನಡಕ ಯಡಹಳ್ಳಿ ಚಿಂಕಾರ ವನ್ಯಧಾಮ ಐತಲ್ರಿ, 96 ಚದರ ಕಿಲೋಮೀಟರ್ ಕುರುಚಲ ಗುಡ್ಡ, ಅಲ್ಲಿ ಹೆಣ್ಣ ಚಿಂಕಾರಕ್ಕೂ ಸಣ್ಣವು ಕೋಡ ಇರ್ತಾವ. ಮಂದಿ ದೂರದಿಂದ ನೋಡಿ ಆಡ ಅಂತ ಸುಮ್ನ ಹೊಕ್ಕಾರ.

ಕ್ಯಾಮೆರಾ ಬಗ್ಗೆ ನಂದೊಂದೀಟ ಅನುಭವ ಐತಿ. 01/01 ಬಂದದ್ದು ಬ್ಯಾಟರಿ ಆಟ. ಬ್ಯಾಟರಿ ಪೂರಾ ಇಳಿದ್ರ ಇಲ್ಲಾ ತಗದ ಹಾಕಿದ್ರ ಕೆಲವು ಕ್ಯಾಮೆರಾದ ಗಡಿಯಾರ ಮೊದಲಿಗೆ ಹೊಕ್ಕೈತಿ. ಚಂದ್ರನ ಚಿತ್ರ ಕ್ಯಾಮೆರಾ ಆಕಾಶ ನೋಡಿ ಹಾಕೂದಲ್ರಿ, ತಾರೀಖಿನ ಲೆಕ್ಕದಿಂದ ಹಾಕ್ತೈತಿ, ತಾರೀಖ ತಪ್ಪಿದ್ರ ಹುಣ್ಣಿವಿನೂ ತಪ್ಪತೈತಿ. ಹಂಗಾರ ಆ 2ರ ಟೈಮೂ ನಂಬಬ್ಯಾಡ್ರಿ. ಬಿಳಿ ಪ್ರಾಣಿಗೆ ಹೆದರಬ್ಯಾಡ್ರಿ, ರಾತ್ರಿ ಇನ್‌ಫ್ರಾರೆಡ್ ಬೆಳಕಿನ್ಯಾಗ ಬಣ್ಣಾ ಬರೂದಿಲ್ಲ, ಅದರಾಗ ಪ್ರಾಣಿ ಕ್ಯಾಮೆರಾಕ್ಕ ಹತ್ತರ ಇದ್ರ ಸುಣ್ಣಾ ಬಳದಂಗ ಕಾಣ್ತೈತಿ. ನಮ್ಮ ಕರೀ ಎಮ್ಮಿ ಒಮ್ಮೆ ಬೂದಿ ಬಡಕೊಂಡ ಸ್ವಾಮಿ ಆಗಿ ಬಂದಿತ್ತ. ಮಗ್ಗಲಾಗ ಅಳತಿಗೆ ಏನರ ಸಾಮಾನ ಐತೇನ? ಪಕ್ಕೆ ಮ್ಯಾಲ ಗೆರಿ ಅದಾವೇನ ಝೂಮ್ ಮಾಡಿ ನೋಡ್ರಿ.

ಇನ್ನ ಬ್ಯಾಸಗಿ ಬಂತು, ಇದೊಂದ ನೆನಪಿಡ್ರಿ. ಕ್ಯಾಮೆರಾದ ಸೆನ್ಸರ್ ಮೈ ಬಿಸಿ ಮತ್ತ ಸುತ್ತಲಿನ ಬಿಸಿ ನಡಕಿನ ಫರಕ ಹಿಡಿತೈತಿ, ಮಧ್ಯಾಹ್ನ ನೆಲಾನೂ ಪ್ರಾಣಿನೂ ಒಂದ ಬಿಸಿಗೆ ಬಂದ್ವು ಅಂದ್ರ ಎದರಿಗೆ ಹಾದ್ರೂ ಹೊಡಿಯೂದಿಲ್ಲ. ಮೂಡಣ ಪಡುವಣಕ್ಕ ಮಾರಿ ಮಾಡಿ ಕಟ್ಟಬ್ಯಾಡ್ರಿ, ಸೂರ್ಯಾನ ಫೋಟೋನ ಇನ್ನೂರ ಬರ್ತಾವ, ಬಡಗಣಕ್ಕ ಮಾರಿ ಮಾಡ್ರಿ, ಎದರಿನ ಹುಲ್ಲ ಸವರ್ರಿ.

ಕತ್ತಿ ಹಿಡಕಿ:
ಕೋಡ ಕೊಡೂದಿದ್ರ ಹೇಳ್ರಿ, ಕತ್ತಿಗೆ ಹಿಡಿಕಿ ಚಲೋ ಆಕ್ಕೈತಿ, ರೇಟ್ ಮಾತಾಡೂಣು.

ತಿಳಕವಾಡಿ ಕಾಕಾ:
ಮ್ಯಾಲಿನ ಸಾಹೇಬ್ರ, ಇಂಥಾದ್ದ ಎಲ್ಲಾರ ಮುಂದ ಬರೀತೀರಲ್ಲ, ಧೈರ್ಯ ಮೆಚ್ಚಬೇಕ.

ಗೇರಬನ, ಕೋಡ ತಾನ ಉದರಿದ್ರೂ ಅದು ನಿಮ್ದ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಸರಕಾರದ ಆಸ್ತಿ, ಕೈಗೆ ಸಿಕ್ಕ 48 ತಾಸಿನ್ಯಾಗ ಪೊಲೀಸ್ ಠಾಣೆಗರ ಫಾರೆಸ್ಟ್ ಅಧಿಕಾರಿಗರ ತಿಳಿಸಬೇಕಂತ 39ನೇ ಕಲಂನ್ಯಾಗ ಐತಿ. ಅಜ್ಜನ ಕಾಲದಾಗ ಪಡಸಾಲ್ಯಾಗ ಟೊಪಗಿ ಹಾಕಾಕ ಕೋಡ ಬಡಿತಿದ್ರು, ಆ ಕಾಲ ಹೋತು. 2023ರ ಅಕ್ಟೋಬರ್‌ನ್ಯಾಗ ಹುಲಿ ಉಗರಿನ ಗದ್ದಲ ಆದಾಗ ಎಷ್ಟ ಮಂದಿ ಕೊಳ್ಳಾಗಿನ ಚೈನ್ ಬಿಚ್ಚಿ ಟ್ರಂಕಿನ್ಯಾಗ ಇಟ್ರು ನೆನಪ ಮಾಡ್ಕೋರಿ. ಕೊಟಗ್ಯಾಗ ಇಟ್ಟಷ್ಟೂ ನಿಮಗ ಭಾರ. ಸಿಕ್ಕ ಜಾಗಾದ ಫೋಟೋ, ಕ್ಯಾಮೆರಾದ ಫೋಟೋ ಎರಡೂ ತಗೊಂಡ ಹೋಗಿ ನೀವ ಹೇಳ್ರಿ. ಮತ್ತ ಕ್ಯಾಮೆರಾ ನಿಮ್ಮ ಹದ್ದಿನ್ಯಾಗ ಇರಲಿ, ಹಳ್ಳ ದಾಟಿಸಿ ಕಾಡಿನ್ಯಾಗ ಕಟ್ಟಾಕ ಹೋಗಬ್ಯಾಡ್ರಿ, ಅದಕ್ಕ ಪರವಾನಗಿ ಬೇಕ.

ಗೇರಬನ:
ಯುಗಾದಿ ಗದ್ದಲದಾಗ ತಿರುಗಿ ಬರ್ಯಾಕ ಆಗಲಿಲ್ಲ, ಮಾಫ್ ಮಾಡ್ರಿ.

ಕೋಡಿನ ಬುಡ ನೋಡಿದೆ, ಲೋಂಡಾದವರು ಹೇಳಿದಂಗ ಗುಂಡಗ ಉಬ್ಬೈತಿ, ಗಂಟಗಂಟ ಬಳಿ. ಹಳೇ ಫೋಟೋ ತಗದ ನೋಡಿದ್ರ ಒಂದ ಹೆಣ್ಣ ಕಡವಿ ಕುತ್ತಿಗ್ಯಾಗೂ ಅದ ಜಾಗಾದಾಗ ಮಚ್ಚಿ ಐತಿ, ಡಿಸೆಂಬರ್‌ದಾಗ ನಾ ಅದನ್ನ ಕೆಸರ ಅಂದ್ಕೊಂಡಿದ್ದೆ. ಕಾಕಾ ಅವರ ಮಾತ ಕೇಳಿ ಮರುದಿನಾನ ಹೋಗಿ ಹೇಳಿದೆ. 48 ತಾಸ ಆಗಲೇ ಮೀರಿತ್ತ, ಎದಿ ಡವಡವ. ಇಬ್ಬರ ಬಂದ್ರು, ಕೋಡ ಅಳತಿ ಮಾಡಿ ಬರಕೊಂಡ್ರು, ಸಹಿ ತಗೊಂಡ್ರು, ಲಗೂನ ಹೇಳಬೇಕಿತ್ತ ಅಂತ ಒಂದ ಮಾತ ಅಂದ್ರು, ಚಾ ಕುಡದ ಅರ್ಧಾ ತಾಸ ಕುಂತ ಫೋಟೋ ನೋಡಿದ್ರು. ಇನ್ನೊಂದ ಕೋಡ ಇನ್ನೂ ಸಿಕ್ಕಿಲ್ಲ, ಮುಳ್ಳಹಂದಿ ಕಡದ ತಿಂತಾವಂತಲ್ರಿ, ಹಂಗ ಆಗಿರಬೇಕ.

ಬಿಳಿ ಮರಿ ಬಗ್ಗೆ. ಫೋಟೋದಾಗ ನಮ್ಮ ಒಡದ ಪ್ಲಾಸ್ಟಿಕ್ ಕೊಡ ಬಿದ್ದಿತ್ತ, ಪ್ರಾಣಿ ಬೆನ್ನ ಆ ಕೊಡದಷ್ಟೂ ಎತ್ತರ ಇಲ್ಲ, ಬೆನ್ನ ಕಮಾನ ಆಗೇತಿ, ಕಾಲ ಪೆನ್ಸಿಲ್ ಗತೆ, ಝೂಮ್ ಮಾಡಿದ್ರ ಪಕ್ಕೆ ಮ್ಯಾಲ ಉದ್ದುದ್ದ ಗೆರಿ. ಅವ್ವ ನೋಡಿದಾಕಿ ತಡಾ ಮಾಡ್ಲಿಲ್ಲ, ಪಿಸೋರಿ ಅಂದ್ಳು. ಬಂದಾಂವರೂ ಮೌಸ್ ಡಿಯರ್ ಅಂದ್ರು, ತೂಕ ಮೂರ ಕಿಲೋದ ಆಚೀಚಿ, ಇದಕ್ಕ ಕೋಡ ಬರೂದ ಇಲ್ಲ ಅಂದ್ರು. ಹುಡುಗ್ರ ಸ್ಟೇಟಸ್ ಅಳಿಸಿದ್ರು, ಅಳಿಸೂದರಾಗ ಎಂಟ ಊರ ತಿರಗಿತ್ತ.

ನಿನ್ನೆ ರಾತ್ರಿ ಅದ ಕಡವಿ ಬಂದೈತಿ, ಬಲಗಿವಿ ಹರಕ ಇರೂದಕ್ಕ ಗುರುತ ಹಿಡದೆ. ತಲಿ ಮ್ಯಾಲ ಎರಡ ಗುಂಡನ ಮೊಳಕಿ, ಬದನಿಕಾಯಿ ಗತೆ. ಗೇರಹಣ್ಣ ತಿನಕೋತ ನಿಂತಿತ್ತ, ಬೀಜ ಅಲ್ಲೇ ಬಿಟ್ಟ ಹೋಗೇತಿ. ಬೀಜದ ಕಳ್ಳ ಮಾತ್ರ ಇನ್ನೂ ಸಿಕ್ಕಿಲ್ರಿ.