ಎರಡನೆಯ ಓದಿನಲ್ಲಿ ಕ್ಯಾಟ್ಲಿನ್ ಸ್ಟಾರ್ಕ್‌ಳನ್ನು ಕ್ಷಮಿಸಿದವರು ಯಾರಾದರೂ ಇದ್ದೀರಾ?

ಮೈಸೂರಿನಿಂದ, ಮರು ಓದಿನಲ್ಲಿರುವವಳು:

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಅಂಡ್ ಫೈರ್’ ಕಾದಂಬರಿ ಮಾಲಿಕೆಯನ್ನು (‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಮೂಲ) 2012ರಲ್ಲಿ ಮೊದಲ ಬಾರಿ ಓದಿದಾಗ ನನಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಕ್ಯಾಟ್ಲಿನ್ ಮೇಲೆ. ಗಂಡ ನೆಡ್ ತನ್ನ ಅಕ್ರಮ ಮಗನೆಂದು ಮನೆಗೆ ತಂದ ಜಾನ್ ಸ್ನೋ ಜೊತೆ ನಡೆದುಕೊಂಡ ರೀತಿ, ಎದುರಾಳಿ ಲ್ಯಾನಿಸ್ಟರ್ ಮನೆತನದ ಟಿರಿಯನ್‌ನನ್ನು ಸೆರೆ ಹಿಡಿಸಿದ್ದು, ಸೆರೆಯಲ್ಲಿದ್ದ ಅವನ ಅಣ್ಣ ಜೇಮಿಯನ್ನು ಬಿಟ್ಟು ಕಳಿಸಿದ್ದು, ಈ ಮೂರರಿಂದಲೇ ಸ್ಟಾರ್ಕ್ ಮನೆತನ ಮುಳುಗಿತು ಎಂದು ನಂಬಿದ್ದೆ. ಈಗ ಮತ್ತೆ ಓದಲು ಹಿಡಿದಿದ್ದೇನೆ. ಮೊದಲ ಸಂಪುಟ ಮುಗಿಯುವಷ್ಟರಲ್ಲಿ ನಂಬಿಕೆ ಸ್ವಲ್ಪ ಅಲುಗಾಡಿದೆ. ಅನುಭವ ಇರುವವರು ದಯವಿಟ್ಟು ತಿಳಿಸಿ: ಮೊದಲ ಮೂರು ಸಂಪುಟಗಳಲ್ಲಿ ಅವಳ ಕಣ್ಣಿನಿಂದ ಹೇಳಿರುವ 25 ಅಧ್ಯಾಯಗಳನ್ನಷ್ಟೇ ಒಟ್ಟಿಗೆ ಓದುವುದು ಒಳ್ಳೆಯದೋ, ಪುಸ್ತಕದ ಕ್ರಮದಲ್ಲೇ ಸಾಗಬೇಕೋ? ದಿನಕ್ಕೆ ನನಗೆ ಸಿಗುವುದು 40 ನಿಮಿಷ ಮಾತ್ರ.

ಶಿವಮೊಗ್ಗದಿಂದ, ಎರಡು ಸಲ ದುಡ್ಡು ಕೊಟ್ಟವನು:

ನನ್ನ ಅಭಿಪ್ರಾಯ ಬದಲಾಯಿತು, ಆದರೆ ಅದಕ್ಕೆ ಎಷ್ಟು ತೆತ್ತೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. 2014ರಲ್ಲಿ ಬೆಂಗಳೂರಿನ ಒಂದು ಹಳೆಯ ಪುಸ್ತಕದ ಅಂಗಡಿಯಲ್ಲಿ, ಮೂರನೆಯ ಮತ್ತು ಐದನೆಯ ಸಂಪುಟಗಳು ಎರಡೆರಡು ಭಾಗವಾಗಿರುವ ಏಳು ಪುಸ್ತಕಗಳ ಸೆಟ್ಟನ್ನು 1,350 ರೂಪಾಯಿಗೆ ಕೊಂಡೆ. ಮೂರನೆಯ ಸಂಪುಟದ ಎರಡನೆಯ ಭಾಗದಲ್ಲಿ ಒಂದು ಫಾರಂ, ಅಂದರೆ 16 ಪುಟ, ಎರಡು ಸಲ ಸೇರಿಕೊಂಡಿತ್ತು. ಆ ಜಾಗದಲ್ಲಿ ಇರಬೇಕಾಗಿದ್ದ 16 ಪುಟಗಳು ಇರಲೇ ಇಲ್ಲ. ಇಲ್ಲದ ಪುಟಗಳಲ್ಲೇ ರೆಡ್ ವೆಡ್ಡಿಂಗ್, ಅಂದರೆ ಮದುವೆಯೊಂದರಲ್ಲಿ ಕ್ಯಾಟ್ಲಿನ್ ಮತ್ತು ಅವಳ ಹಿರಿಯ ಮಗ ರಾಬ್ ಕೊಲೆಯಾಗುವ ಪ್ರಸಂಗ, ಇತ್ತು. ಬದಲಿಸಿಕೊಡಿ ಎಂದು ಕೇಳಲು ಬಸ್ಸು ಹತ್ತಿ ಮತ್ತೆ ಹೋದೆ. ಅಂಗಡಿಯವರು ಪುಸ್ತಕವನ್ನು ಕೈಗೂ ತೆಗೆದುಕೊಳ್ಳಲಿಲ್ಲ. ಕೊನೆಗೆ ಹೊಸ ಪ್ರತಿಗೆ 499 ಕೊಟ್ಟೆ. ಅದು ಮನೆಗೆ ಬಂದಾಗ ನನ್ನ ಓದಿನ ಲಯ ಕೆಟ್ಟಿದ್ದರಿಂದ ಮೊದಲ ಸಂಪುಟದಿಂದಲೇ ಆರಂಭಿಸಬೇಕಾಯಿತು. ಹಾಗೆ ಆರಂಭಿಸಿದ್ದರಿಂದಲೇ ಕೂಡುದಾರಿಯ ತಂಗುಮನೆಯ ಪ್ರಸಂಗ ಸರಿಯಾಗಿ ಕಣ್ಣಿಗೆ ಬಿತ್ತು.

ಕ್ಯಾಟ್ಲಿನ್ ಗುರುತು ಮರೆಸಿಕೊಂಡು ರಾಜಧಾನಿಯಿಂದ ಮರಳುತ್ತಿದ್ದಳು. ಟಿರಿಯನ್ ತಾನೇ ಅವಳನ್ನು ಗುರುತು ಹಿಡಿದು ಎಲ್ಲರೆದುರು ಮಾತಾಡಿಸಿದ. ಅಲ್ಲಿಗೆ ಗುಟ್ಟು ರಟ್ಟಾಯಿತು. ಅವನನ್ನು ಸುಮ್ಮನೆ ಬಿಟ್ಟಿದ್ದರೆ ಅವಳ ಪ್ರಯಾಣದ ಸುದ್ದಿ ಲ್ಯಾನಿಸ್ಟರ್‌ಗಳ ಕಿವಿಗೆ ತಲುಪುವುದು ಖಂಡಿತವಾಗಿತ್ತು. ಯೋಚಿಸಲು ಅವಳಿಗೆ ಸಿಕ್ಕಿದ್ದು ಕೆಲವು ಕ್ಷಣ. ಅವಳ ಮಗ ಬ್ರಾನ್‌ನನ್ನು ಕೊಲ್ಲಲು ಬಂದ ಕೊಲೆಗಾರನ ಕಠಾರಿ ಟಿರಿಯನ್‌ನದು ಎಂದು ಸುಳ್ಳು ಹೇಳಿದವನು ಲಿಟಲ್‌ಫಿಂಗರ್, ಅವಳ ತವರಿನಲ್ಲಿ ಅವಳ ಜೊತೆಯಲ್ಲೇ ಬೆಳೆದವನು. ಅವನನ್ನು ನಂಬಿದ್ದು ತಪ್ಪು, ಒಪ್ಪುತ್ತೇನೆ. ಆದರೆ ನೆಡ್ ಕೂಡ ಅವನನ್ನು ನಂಬಿಯೇ ಕೆಟ್ಟ; ನೆಡ್‌ಗೆ ಮಾತ್ರ ಇದೇ ಓದುಗರು ಹಾರ ಹಾಕುತ್ತಾರೆ.

ಹುಬ್ಬಳ್ಳಿಯಿಂದ, ಚಿಕ್ಕಪ್ಪನ ಮನೆಯಲ್ಲಿ ಬೆಳೆದವನು:

ತಂಗುಮನೆ, ಕಠಾರಿ, ಎಲ್ಲ ಒಪ್ಪಿದೆ. ಅವು ರಾಜಕಾರಣದ ತಪ್ಪುಗಳು, ಯಾರ ಕೈಯಲ್ಲೂ ಆಗುವಂಥವು. ನನ್ನ ಜಗಳ ಇರುವುದು ಒಂದೇ ಒಂದು ವಾಕ್ಯದೊಂದಿಗೆ. ಪ್ರಜ್ಞೆ ತಪ್ಪಿ ಮಲಗಿರುವ ಬ್ರಾನ್‌ಗೆ ವಿದಾಯ ಹೇಳಲು ಜಾನ್ ಬರುತ್ತಾನೆ. ಬಾಗಿಲ ತನಕ ಹೋದವನನ್ನು ಅವಳು ಹೆಸರು ಹಿಡಿದು ಕರೆಯುತ್ತಾಳೆ. ಅದಕ್ಕೆ ಮೊದಲು ಅವಳು ಅವನನ್ನು ಒಮ್ಮೆಯೂ ಹೆಸರಿನಿಂದ ಕರೆದಿರಲಿಲ್ಲ. ಕರೆದು ಹೇಳಿದ್ದೇನು? ಹೀಗೆ ಆಗಬೇಕಾಗಿದ್ದದ್ದು ನಿನಗೆ ಎಂದು.

ನಾನು ಏಳನೆಯ ತರಗತಿಯಿಂದ ಪಿಯುಸಿ ಮುಗಿಯುವ ತನಕ ಚಿಕ್ಕಪ್ಪನ ಮನೆಯಲ್ಲಿದ್ದೆ. ಊಟದ ಹೊತ್ತಿಗೆ ಅವರ ಮಕ್ಕಳಿಗೆ ಹೆಸರುಗಳಿದ್ದವು. ನನಗಿದ್ದದ್ದು ‘ಅವನಿಗೂ ಹಾಕು’ ಎಂಬ ಮಾತು. ಯಾರೂ ಹೊಡೆಯಲಿಲ್ಲ, ಫೀಸು ತಪ್ಪಿಸಲಿಲ್ಲ, ಆದ್ದರಿಂದ ಯಾರ ಮೇಲೂ ದೂರು ಹೇಳುವಂತಿಲ್ಲ. ಎರಡನೆಯ ಓದನ್ನು ನಾನೂ ಪ್ರಯತ್ನಿಸಿದೆ. ಆ ಪುಟ ಬಂದಾಗ ಪುಸ್ತಕ ಮುಚ್ಚಿಟ್ಟೆ. ಏಳು ತಿಂಗಳ ನಂತರ ಮತ್ತೆ ತೆರೆದೆ, ಮತ್ತೆ ಅಲ್ಲಿಯೇ ಮುಚ್ಚಿದೆ. ಅವಳ ಉದ್ದೇಶಗಳು ನನಗೆ ಚೆನ್ನಾಗಿ ಅರ್ಥವಾಗುತ್ತವೆ. ಅರ್ಥವಾದಷ್ಟೂ ಸಿಟ್ಟು ಹೆಚ್ಚುತ್ತದೆ.

ಮಂಗಳೂರಿನಿಂದ, ಸ್ವತಃ ಮಲತಾಯಿ:

ಹುಬ್ಬಳ್ಳಿಯವರ ನೋವಿಗೆ ನಾನು ಎದುರಾಡುವುದಿಲ್ಲ, ಆದರೆ ಅವರು ದೂರನ್ನು ತಪ್ಪು ಬಾಗಿಲಿಗೆ ಒಯ್ದಿದ್ದಾರೆ. ನಾನು ಹತ್ತು ವರ್ಷಗಳಿಂದ ಮಲತಾಯಿ. ಮದುವೆಯಾದಾಗ ಹುಡುಗನಿಗೆ ಆರು ವರ್ಷ. ಅವನ ತಾಯಿ ಯಾರು, ಏನಾಯಿತು, ಅವಳ ಫೋಟೋ ಯಾವ ಬೀರುವಿನಲ್ಲಿದೆ, ಎಲ್ಲವನ್ನೂ ನನ್ನ ಗಂಡ ಮೊದಲೇ ಹೇಳಿದ್ದರು. ಅಷ್ಟೆಲ್ಲ ಗೊತ್ತಿದ್ದೂ ಮೊದಲ ಎರಡು ವರ್ಷ ನಾನು ಅವನ ಲಂಚ್ ಬಾಕ್ಸ್ ತುಂಬಿದ್ದು ಕರ್ತವ್ಯಕ್ಕಾಗಿ. ಹಾಗಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ.

ಈಗ ಕ್ಯಾಟ್ಲಿನ್ ವಿಚಾರಕ್ಕೆ ಬನ್ನಿ. ಮದುವೆಯಾಗಬೇಕಿದ್ದ ಬ್ರಾಂಡನ್ ಸತ್ತು, ಅವನ ತಮ್ಮ ನೆಡ್‌ನನ್ನು ಮದುವೆಯಾಗಿ, ತವರಾದ ರಿವರ್‌ರನ್‌ನಲ್ಲಿ ರಾಬ್‌ನನ್ನು ಹೆತ್ತು, ಯುದ್ಧ ಮುಗಿದ ಮೇಲೆ ಗಂಡನ ಕೋಟೆ ವಿಂಟರ್‌ಫೆಲ್‌ಗೆ ಬಂದರೆ, ಜಾನ್ ಮತ್ತು ಅವನಿಗೆ ಹಾಲೂಡಿಸುವ ದಾದಿ ಆಗಲೇ ಅಲ್ಲಿ ನೆಲೆಸಿದ್ದರು. ತಾಯಿ ಯಾರು ಎಂದು ಒಮ್ಮೆ ಕೇಳಿದ್ದಕ್ಕೆ ನೆಡ್ ಅವಳನ್ನು ಹೆದರಿಸಿ ಬಾಯಿ ಮುಚ್ಚಿಸಿದ. ಆ ಮಗು ನೆಡ್‌ನ ತಂಗಿ ಲಿಯಾನಾಳದು ಎಂದು ಧಾರಾವಾಹಿ 2016ರಲ್ಲಿ ತೋರಿಸಿತು. ನಿಜ ತಿಳಿದರೆ ಹೊಸ ರಾಜ ಮಗುವನ್ನು ಕೊಲ್ಲಿಸುತ್ತಿದ್ದ; ಹದಿನಾಲ್ಕು ವರ್ಷ ಬಾಯಿ ಬಿಡದೆ ನೆಡ್ ಉಳಿಸಿದ್ದು ಹುಡುಗನ ಜೀವವನ್ನು. ಅದರ ಸಾಲ ತೀರಿಸಿದವರು ಅವನ ಹೆಂಡತಿ ಮತ್ತು ಅದೇ ಹುಡುಗ. ಇನ್ನು, ನೆಡ್ ಸತ್ತ ಮೇಲೆ ರಾಜನಾದ ರಾಬ್ ತನ್ನ ಉತ್ತರಾಧಿಕಾರಿಯಾಗಿ ಜಾನ್‌ನನ್ನು ಹೆಸರಿಸಲು ಹೊರಟಾಗ ಅವಳು ಅಡ್ಡ ಬಂದದ್ದನ್ನೂ ದ್ವೇಷವೆಂದೇ ಓದುತ್ತೀರಿ. ಜಾನ್ ನನ್ನ ಮಕ್ಕಳಿಗೆ ಕೇಡು ಮಾಡುವವನಲ್ಲ ಎಂದು ರಾಬ್ ಹೇಳಿದಾಗ ಅವಳು ನೆನಪಿಸಿದ್ದು, ಅವರ ಮನೆಯಲ್ಲೇ ಬೆಳೆದು ಆಮೇಲೆ ವಿಂಟರ್‌ಫೆಲ್ ವಶಪಡಿಸಿಕೊಂಡ ಥಿಯಾನ್‌ನನ್ನು. ಅವನನ್ನು ಅವನ ತಂದೆಯ ಊರು ಪೈಕ್‌ಗೆ ಕಳಿಸಬೇಡ, ಹತ್ತಿರದಲ್ಲೇ ಇಟ್ಟುಕೋ ಎಂದು ಅವಳು ಹೇಳಿದ್ದಳು, ಮಗ ಕೇಳಲಿಲ್ಲ.

ಹುಬ್ಬಳ್ಳಿಯಿಂದ:

ನೆಡ್ ಸುಳ್ಳು ಹೇಳಿದನೆಂದರೆ ಸಿಟ್ಟು ನೆಡ್ ಮೇಲೆ ತಿರುಗಬೇಕಿತ್ತು. ಗಂಡನನ್ನು ಪ್ರೀತಿಸಿ, ಕೂಸಿನ ಮೇಲೆ ಹಗೆ ಸಾಧಿಸಿದಳು. ನಿಮ್ಮ ಲಂಚ್ ಬಾಕ್ಸಿನ ಕಥೆಯನ್ನು ನಿಮ್ಮ ಮಲಮಗನ ಬಾಯಲ್ಲಿ ಕೇಳಿದರೆ ಬೇರೆಯೇ ಇರಬಹುದು, ಮೇಡಂ.

ಮಂಗಳೂರಿನಿಂದ:

ನನ್ನ ಮಗನನ್ನು ಇಲ್ಲಿಗೆ ಎಳೆಯಬೇಡಿ. ಅವನಿಗೆ ಓದಿ ತೋರಿಸಿಯೇ ಇದನ್ನು ಬರೆದಿದ್ದೇನೆ. ಅವನಿಗೆ ಮೆಚ್ಚಿನ ಪಾತ್ರ ಥಿಯಾನ್. ಆ ಚಿಂತೆ ನನಗೆ ಬೇರೆ ಇದೆ.

ಬೆಳಗಾವಿಯಿಂದ, ಧಾರಾವಾಹಿ ಮಾತ್ರ ನೋಡಿದವನು:

ಇಷ್ಟು ಪುಟಗಳ ಲೆಕ್ಕ ಯಾಕೆ ಬೇಕು? 2013ರಲ್ಲಿ ಬಂದ ಮೂರನೆಯ ಸೀಸನ್ನಿನ ಎರಡನೆಯ ಕಂತನ್ನು ನೋಡಿದರೆ ಸಾಕು. ಪ್ರಾರ್ಥನೆಯ ಚಕ್ರವನ್ನು ಹೆಣೆಯುತ್ತಾ ಅವಳು ಒಪ್ಪಿಕೊಳ್ಳುತ್ತಾಳೆ: ಜಾನ್ ಸಾಯಲಿ ಎಂದು ಬೇಡಿಕೊಂಡಿದ್ದೆ, ಅವನಿಗೆ ಸಿಡುಬು ಬಂದಾಗ ಹೆದರಿ, ಉಳಿದರೆ ಪ್ರೀತಿಸುತ್ತೇನೆ ಎಂದು ಹರಕೆ ಹೊತ್ತೆ, ಆ ಹರಕೆಯನ್ನು ತೀರಿಸಲಾಗಲಿಲ್ಲ. ಆ ರಾತ್ರಿ ನಾನು ಅತ್ತಿದ್ದೆ, ಮತ್ತು ಮರುದಿನ ಪರೀಕ್ಷೆಯಿತ್ತು. ಆ ವಿಷಯದಲ್ಲಿ ಎರಡು ಅಂಕಕ್ಕೆ ಫೇಲಾದೆ, ಮರುಮೌಲ್ಯಮಾಪನಕ್ಕೆ 700 ರೂಪಾಯಿ ಕಟ್ಟಿದೆ, ಒಂದು ಅಂಕ ಏರಿತು. ಆದರೂ ಆ ದೃಶ್ಯ ನೋಡಿದ್ದಕ್ಕೆ ವಿಷಾದವಿಲ್ಲ.

ಶಿವಮೊಗ್ಗದಿಂದ:

ಆ ದೃಶ್ಯ ಪುಸ್ತಕದಲ್ಲಿ ಇಲ್ಲವೇ ಇಲ್ಲ, ಸ್ವಾಮಿ. ಬೆಳಗಾವಿಯ ಮಹನೀಯರು ಅತ್ತಿರುವುದು ಬೇರೊಬ್ಬ ಹೆಂಗಸಿಗಾಗಿ. ಪುಸ್ತಕದ ಕ್ಯಾಟ್ಲಿನ್ ಜಾನ್ ವಿಷಯದಲ್ಲಿ ಪಶ್ಚಾತ್ತಾಪ ಪಡುವುದಿಲ್ಲ, ಅವಳ ಗಟ್ಟಿತನ ಇರುವುದೂ ಅದರಲ್ಲೇ. ತಾಯಿಯಿಲ್ಲದ ಮಗುವನ್ನು ಪ್ರೀತಿಸದಿದ್ದುದರಿಂದಲೇ ಮನೆಗೆ ಇಷ್ಟೆಲ್ಲ ವಿಪತ್ತು ಬಂತು ಎಂದು ಅವಳ ಬಾಯಲ್ಲೇ ಹೇಳಿಸಿ, ಧಾರಾವಾಹಿಯವರು ಗಂಡಸರ ತಪ್ಪುಗಳ ಮೂಟೆಯನ್ನೂ ಅವಳ ತಲೆಗೇ ಹೊರಿಸಿದರು. ಜೇಮಿಯನ್ನು ಬಿಟ್ಟದ್ದನ್ನು ಮಾತ್ರ ನಾನು ಇಂದಿಗೂ ಸಮರ್ಥಿಸಲಾರೆ. ಕಿರಿಯ ಗಂಡುಮಕ್ಕಳಾದ ಬ್ರಾನ್, ರಿಕನ್ ಸತ್ತರೆಂಬ ಸುಳ್ಳು ಸುದ್ದಿ ನಂಬಿ, ಜೇಮಿಗೆ ಬದಲಾಗಿ ಲ್ಯಾನಿಸ್ಟರ್‌ಗಳ ಕೈಯಿಂದ ಬಿಡುಗಡೆಯಾಗಿ ಹೆಣ್ಣುಮಕ್ಕಳಿಬ್ಬರಾದರೂ ಉಳಿಯಲಿ ಎಂದು ಮಾಡಿದಳು, ನಿಜ; ಆದರೆ ಜೇಮಿಯ ಕೈಯಲ್ಲಿ ಮಕ್ಕಳನ್ನು ಕಳೆದುಕೊಂಡ, ರಾಬ್‌ನ ಸಾಮಂತ ಕಾರ್‌ಸ್ಟಾರ್ಕ್ ಅದೇ ಸಿಟ್ಟಿನಲ್ಲಿ ಸೆರೆಯಲ್ಲಿದ್ದ ಇಬ್ಬರು ಹುಡುಗರನ್ನು ಕೊಂದ, ರಾಬ್ ಅವನ ತಲೆ ಕಡಿದ, ಅವನ ಸೈನ್ಯ ಕೈಬಿಟ್ಟು ಹೋಯಿತು.

ಬೆಳಗಾವಿಯಿಂದ:

2011ರ ನಂತರ ಮುಂದಿನ ಸಂಪುಟವನ್ನೇ ಕಾಣದ ಮಾಲಿಕೆಯ ಓದುಗರು, ಮುಗಿದ ಧಾರಾವಾಹಿಯನ್ನು ನೋಡಿದವರಿಗೆ ಪಾಠ ಹೇಳುವುದು ಸೋಜಿಗ.

ಧಾರವಾಡದಿಂದ, ನಿವೃತ್ತ ಸಂಸ್ಕೃತ ಅಧ್ಯಾಪಕ:

ಭಾಸನ ಪ್ರತಿಮಾನಾಟಕದಲ್ಲಿ ಕೈಕೇಯಿ, ಹದಿನಾಲ್ಕು ದಿನ ಎನ್ನಲು ಹೋಗಿ ಮನಸ್ಸು ಕಲಕಿ ಹದಿನಾಲ್ಕು ವರ್ಷ ಎಂದುಬಿಟ್ಟೆ ಎಂದು ಭರತನಿಗೆ ಹೇಳುತ್ತಾಳೆ. ಹದಿನೈದು ದಿನಗಳ ಹತ್ತಿರ ಮಗನ ಹಾಸಿಗೆ ಬಿಟ್ಟು ಏಳದ ತಾಯಿಯ ಬಾಯಿಂದ ಬಂದ ಒಂದು ವಾಕ್ಯವನ್ನು ನಾನು ಹಾಗೆಯೇ ಓದುತ್ತೇನೆ. ಮೊಮ್ಮಗಳ ಒತ್ತಾಯಕ್ಕೆ ಈ ಪುಸ್ತಕಗಳನ್ನು ಹಿಡಿದೆ. ಅಕ್ಷರ ಸಣ್ಣದಾಗಿದ್ದರಿಂದ ಕನ್ನಡಕದ ನಂಬರು ಎರಡು ಸಲ ಬದಲಾಯಿತು.

ಹುಬ್ಬಳ್ಳಿಯಿಂದ:

ಗುರುಗಳೇ, ನಿಮ್ಮ ಬಗ್ಗೆ ಗೌರವವಿದೆ. ಆದರೆ ಕೈಕೇಯಿಗೆ ಬಾಯಿ ತಪ್ಪಿತು. ಇವಳು ಬಾಗಿಲ ತನಕ ಹೋದವನನ್ನು ನಿಲ್ಲಿಸಿ ಹೇಳಿದಳು.

ಮೈಸೂರಿನಿಂದ:

ಎಲ್ಲರಿಗೂ ಧನ್ಯವಾದಗಳು. ಅಧ್ಯಾಯಗಳನ್ನು ಬಿಡಿಯಾಗಿ ಓದಬೇಕೋ ಕ್ರಮದಲ್ಲೋ ಎಂಬುದನ್ನು ಯಾರೂ ಹೇಳಲಿಲ್ಲ, ಆದ್ದರಿಂದ ಕ್ರಮದಲ್ಲೇ ಎರಡನೆಯ ಸಂಪುಟವನ್ನು ನಿನ್ನೆ ಆರಂಭಿಸಿದೆ. ಥಿಯಾನ್‌ನನ್ನು ಕಳಿಸಬೇಡ ಎಂದು ಅವಳು ಹೇಳುವ ಜಾಗಕ್ಕೆ ಬಂದಿದ್ದೇನೆ. ಮೊದಲ ಓದಿನಲ್ಲಿ ಆ ಮಾತಿನ ಪಕ್ಕ ಪೆನ್ಸಿಲ್ಲಿನಲ್ಲಿ ‘ಕಿರಿಕಿರಿ’ ಎಂದು ಬರೆದಿಟ್ಟಿದ್ದೆ.

ಶಿವಮೊಗ್ಗದಿಂದ:

ನಿಮ್ಮದೂ ಏಳು ಪುಸ್ತಕಗಳ ಸೆಟ್ ಆಗಿದ್ದರೆ, ಮೂರನೆಯ ಸಂಪುಟದ ಎರಡನೆಯ ಭಾಗವನ್ನು ಈಗಲೇ ತೆಗೆದು ಪುಟಸಂಖ್ಯೆಗಳನ್ನು ಒಂದೊಂದಾಗಿ ನೋಡಿಕೊಳ್ಳಿ. ಅಲ್ಲಿಗೆ ತಲುಪಿದ ಮೇಲೆ ಗೊತ್ತಾದರೆ ಅಂಗಡಿಯವರು ಬದಲಿಸಿಕೊಡುವುದಿಲ್ಲ.