ಬಳ್ಳಾರಿಯ ಸಣ್ಣ ಕ್ರಿಶ್ಚಿಯನ್ ಕಾಲೇಜು: ಸೇರಿಸೋದಾ, ಬೇಡವಾ?

ಸಿರುಗುಪ್ಪದವ: ತಂಗಿಗೆ ಬಿ.ಕಾಂ ಸೀಟು ಸಿಕ್ಕಿದೆ, ಹೋಗಿ ನೋಡಿ ಬಂದೆವು. ಹಳೇ ಕಲ್ಲಿನ ಕಟ್ಟಡ, ಪಕ್ಕದಲ್ಲೇ ಚರ್ಚು, ಬೇವಿನ ನೆರಳು. ಚೆನ್ನಾಗಿದೆ. ಆದರೆ ಹಾಸ್ಟೆಲ್ ಇಲ್ಲವಂತೆ, ಕ್ಯಾಂಟೀನ್ ಅಂದ್ರೆ ಒಂದು ತಗಡಿನ ಶೆಡ್ಡು. ಏನು ಮಾಡೋದು?

ಹಳೇ ಬೆಂಚು: ಅಂಥದ್ದೇ ಕಾಲೇಜಲ್ಲಿ ಓದಿದವ ನಾನು. ಏಪ್ರಿಲ್‌ನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಆ ದಪ್ಪ ಗೋಡೆಗಳ ಬೆಲೆ ಗೊತ್ತಾಗುತ್ತದೆ. ಹೊಸ ಬ್ಲಾಕಿನ ಮೇಲಿನ ಮಹಡಿಯಲ್ಲಿ ಮಧ್ಯಾಹ್ನದ ಅಕೌಂಟ್ಸ್ ಕ್ಲಾಸ್ ಅಂದ್ರೆ ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು, ಲೆಡ್ಜರ್ ಹಾಳೆ ಕೈಗೆ ಅಂಟಿಕೊಳ್ಳುತ್ತಿತ್ತು. ಲೈಬ್ರರಿ ಸಣ್ಣದು, ಆದರೆ ಮೇಡಂ ಹೆಸರು ಹಿಡಿದು ಕರೆದು ಪುಸ್ತಕ ಕೊಡುತ್ತಿದ್ದರು. ಹುಡುಗಿಯರ ಟಾಯ್ಲೆಟ್‌ನಲ್ಲಿ ನೀರು ಬರುತ್ತಾ ಅಂತ ಮಾತ್ರ ಮೊದಲೇ ನೋಡಿ. ನಮ್ಮಲ್ಲಿ ಅದೇ ದೊಡ್ಡ ಗೋಳು.

ಕೌಲ್ ಬಜಾರ್ ಅಕ್ಕ: ಹಾಸ್ಟೆಲ್‌ಗೆ ಕಾಲೇಜನ್ನೇ ನಂಬಿ ಕೂರಬೇಡ ತಮ್ಮಾ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳು ಊರಲ್ಲೇ ಇವೆ. ಸ್ಟೇಟ್ ಹಾಸ್ಟೆಲ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಜಾತಿ, ಆದಾಯ ಸರ್ಟಿಫಿಕೇಟ್ ಈಗಲೇ ಮಾಡಿಸಿಡು, ಆಮೇಲೆ ನಾಡಕಚೇರಿ ಮುಂದೆ ಸುಮ್ನೆ ನಿಲ್ಲೋದು ಬೇಡ.

ಸಿರುಗುಪ್ಪದವ: ಥ್ಯಾಂಕ್ಸ್ ಅಕ್ಕ. ನೀರಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಸೋಮವಾರ ತಂಗಿಯೇ ಒಳಗೆ ಹೋಗಿ ನಲ್ಲಿ ತಿರುಗಿಸಿ ನೋಡಲಿ.